ಎಡಕ್ಕೆ ಜಗ್ಗುವ ಪಿಕಪ್ಪು

ಪಿಕಪ್ಪು ರಸ್ತೆಯ ಮೇಲೆ ಹೊಯ್ದಾಡಲು ಶುರುಮಾಡಿದಾಗ ನಾನು ಮೊದಲು ಮೂಸಿ ನೋಡಿದ್ದು ಗಂಡನ ಬಾಯಿಯನ್ನು.

ಚಿಕ್ಕೋಡಿಯ ಸಂತೆಗೆ ಹೊರಟಿದ್ದೆವು. ಹಿಂದೆ ಬದನೆಕಾಯಿ, ಟೊಮ್ಯಾಟೊ ತುಂಬಿದ ಕ್ರೇಟುಗಳು, ಮುಂದೆ ನಾವಿಬ್ಬರು. ಅಂಕಲಿ ದಾಟಿ ರಸ್ತೆ ನೆಟ್ಟಗಾದ ಮೇಲೂ ಅವರ ಕೈ ಸ್ಟೇರಿಂಗಿನ ಮೇಲೆ ಸುಮ್ಮನೆ ನಿಲ್ಲುತ್ತಿರಲಿಲ್ಲ. ತುಸು ಬಲಕ್ಕೆ, ತುಸು ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸುತ್ತಲೇ ಇದ್ದರು. ಆದರೂ ಗಾಡಿ ತನಗೆ ಬೇಕಾದ ಕಡೆ ಸರಿಯುತ್ತಿತ್ತು. ಎದುರಿಗೆ ಜೋಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಎರಡೂ ಕೈಯಿಂದ ಸ್ಟೇರಿಂಗ್ ಅಪ್ಪಿ ಹಿಡಿದು, ಅದು ದಾಟಿ ಹೋಗುವ ತನಕ ಉಸಿರಾಡದೆ ಕೂತರು. ನಮ್ಮ ಮನೆತನದಲ್ಲಿ ಕುಡಿಯುವವರಿಲ್ಲ. ಸೂರ್ಯ ಮುಳುಗಿದ ಮೇಲೆ ಊಟವನ್ನೂ ಮಾಡದ ಮನೆ. ಆದರೆ ಗಂಡಸರು ಹೊರಗೆ ಹೋದಾಗ ಏನೇನು ಬಾಯಿಗೆ ಹಾಕಿಕೊಳ್ಳುತ್ತಾರೋ ಯಾರು ಕಂಡರು? ಅವರು ನಿಪ್ಪಾಣಿಗೂ ಮಾಲು ಒಯ್ಯುತ್ತಿದ್ದರು. ಅದು ತಂಬಾಕಿನ ಊರು.

ಸಂತೆಯಲ್ಲಿ ಕ್ರೇಟು ಇಳಿಸುವ ನೆಪ ಮಾಡಿ ಹತ್ತಿರ ಹೋಗಿ ಮೂಸಿದೆ. ಚಹಾದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಗೆ ಬಂದು ಅಂಗಿ ಒಗೆಯುವ ಮುಂಚೆ ಕಿಸೆ ತಡಕಿದೆ. ಅಲ್ಲಿಯೂ ಏನಿಲ್ಲ. ಹಾಗಂತ ನನ್ನ ಸಂಶಯ ಹೋಗಲಿಲ್ಲ, ಬಾಯಿಯಿಂದ ಕಣ್ಣಿಗೆ ಏರಿತು. ಕಣ್ಣು ಮಂದವಾಗಿರಬೇಕು, ಹೇಳಿಕೊಳ್ಳಲು ನಾಚಿಕೆ ಇರಬೇಕು ಅಂದುಕೊಂಡೆ. ಮುಂದಿನ ಸಲ ದಾರಿಯುದ್ದಕ್ಕೂ ದೂರದ ಅಂಗಡಿಗಳ ಬೋರ್ಡು ತೋರಿಸಿ, "ಅಲ್ಲೇನ್ ಬರದಾರ್ರಿ?" ಅಂತ ಏನೂ ಅರಿಯದವಳ ಹಾಗೆ ಕೇಳುತ್ತಾ ಹೋದೆ. ಅವರು ಕನ್ನಡದ್ದು, ಮರಾಠಿದ್ದು ಎಲ್ಲವನ್ನೂ ಪಟಪಟನೆ ಓದಿದರು. ಕೊನೆಗೆ ಬೇಸರ ಬಂದು ಗಾಡಿಯನ್ನೇ ಬದಿಗೆ ನಿಲ್ಲಿಸಿದರು.

"ಏನ್ ನಡಸೀ ನೀ? ನಾ ಏನ್ ಸಾಲಿ ಹುಡುಗ ಅದೀನೇನು, ಬೋರ್ಡ್ ಓದಸಾಕ?"

"ಗಾಡಿ ಹಂಗ್ಯಾಕ ಹೊಯ್ದಾಡ್ತೈತ್ರಿ ಮತ್ತ?"

ಅವರು ಸ್ಟೇರಿಂಗಿನಿಂದ ಕೈ ತೆಗೆದು ಅಂದರು: "ಮಳಿ ನಿಂತಾಗಿಂದ ಹಿಂಗಽ ಐತಿ. ಕೈಯಾಗ ನಿಲ್ಲವಲ್ದು."

"ಇಷ್ಟ್ ದಿನ ಹೇಳಾಕ ಏನಾಗಿತ್ತ್ರಿ?"

"ಏನಂತ ಹೇಳ್ಲಿ? ನಿಮ್ಮ ಅಕ್ಕನ ಮನಿ ಗಾಡಿ. ಗಾಡಿ ಖೊಟ್ಟಿ ಐತಿ ಅಂದ್ರ ನಿಮ್ಮ ಮಂದೀನಽ ಖೊಟ್ಟಿ ಅಂದಂಗ ಆಕ್ಕೈತಿ. ಮತ್ತ ನೀ ವಾರಗಟ್ಲೆ ಮಾತಾಡೂದಿಲ್ಲ."

ಅದು ನಿಜ. ಪಿಕಪ್ಪು ನಮಗೆ ಬಂದದ್ದು ಜುಗೂಳದಿಂದ, ನನ್ನ ಅಕ್ಕನ ಗಂಡನಿಂದ. ಅಕ್ಕನ ಗಂಡನನ್ನು ನಮ್ಮ ಕಡೆ ಮರಾಠಿಯವರ ಹಾಗೆ ದಾಜಿ ಅನ್ನುತ್ತೇವೆ. ದಾಜಿಯವರದು ಕಬ್ಬು, ದ್ರಾಕ್ಷಿ ಇರುವ ಒಳ್ಳೆಯ ಮನೆತನ. ದ್ರಾಕ್ಷಿ ಸಾಗಿಸಲು ಇಟ್ಟುಕೊಂಡಿದ್ದ ಹಳೆಯ ಪಿಕಪ್ಪನ್ನು, ಮನೆಗೆ ಹೊಸ ಗಾಡಿ ತಂದಾಗ, ನಮಗೆ ಕೊಟ್ಟಿದ್ದರು. ಹೊರಗಿನವರ ಹತ್ತಿರ ತಗೊಂಡರೆ ಮೋಸ ಹೋಗುತ್ತೀರಿ, ಇದಾದರೆ ಮನೆ ಗಾಡಿ ಎಂದು ನಮ್ಮವರಿಗೆ ಹೇಳಿ ಒಪ್ಪಿಸಿದವಳು ನಾನೇ. ತಂದು ವರ್ಷ ತುಂಬುವವರೆಗೆ ಅದು ಒಂದು ಮಾತು ಅನ್ನಿಸಿಕೊಂಡಿರಲಿಲ್ಲ.

ಅವತ್ತು ಸಂಜೆ ದಾಜಿಗೆ ಫೋನು ಮಾಡಿದೆ. ಮನೆಯವರ ಸುದ್ದಿ, ಬೆಳೆಯ ಸುದ್ದಿ ಎಲ್ಲ ಮುಗಿದ ಮೇಲೆ, "ದಾಜೀ, ಗಾಡಿ ಯಾಕೋ ಬರೋಬರಿ ಇಲ್ಲರಿ" ಅಂದೆ. ಅಷ್ಟೇ ಅಂದದ್ದು.

ದಾಜಿ ಕೂಡಲೇ, "ತೆಗ್ಗಿನ್ಯಾಗ ಬಿದ್ದಾಗ ಎಡಕ್ಕ ಜಗ್ಗತೈತೇನು?" ಅಂದರು.

"ಹೌದ್ರಿ."

"ಹಳೀ ಗಾಡಿ ಅಲ್ಲ? ಎಂಡು ಸವದಿರ್ತಾವ. ಚಿಕ್ಕೋಡ್ಯಾಗ ತೋರಸ್ರಿ," ಎಂದು ಫೋನು ಅಕ್ಕನ ಕೈಗೆ ಕೊಟ್ಟುಬಿಟ್ಟರು.

ಫೋನಿಟ್ಟು ಜೋಳದ ಭಕ್ರಿ ತಟ್ಟಲು ಕೂತೆ. ತಟ್ಟುತ್ತಾ ತಟ್ಟುತ್ತಾ ಕೈ ನಿಂತಿತು. ನಾನು ಸ್ಟೇರಿಂಗ್ ಅಂದಿರಲಿಲ್ಲ, ತೆಗ್ಗು ಅಂದಿರಲಿಲ್ಲ, ಎಡಕ್ಕೆ ಅಂತೂ ಅಂದೇ ಇರಲಿಲ್ಲ. ಗಾಡಿ ಕೆಡಲು ನೂರು ದಾರಿ ಇವೆ. ದಾಜಿಗೆ ಈ ಒಂದೇ ಹೇಗೆ ಹೊಳೆಯಿತು? ಇದನ್ನು ನಮ್ಮವರಿಗೆ ಹೇಳಲಿಲ್ಲ. ಹೇಳಿದರೆ ಅವರು ಅವತ್ತೇ ಜುಗೂಳಕ್ಕೆ ಜಗಳಕ್ಕೆ ಹೋಗುತ್ತಿದ್ದರು. ಅಕ್ಕನ ಮುಖ ನೋಡಬೇಕಾದವಳು ನಾನು.

ಚಿಕ್ಕೋಡಿಯ ಮಿಸ್ತ್ರಿ ಮುಂಗಾಲಿಗಳನ್ನು ಜಾಕಿನ ಮೇಲೆತ್ತಿ, ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದ. ಟಕ್‌ಟಕ್ ಎಂದಿತು. "ಕೇಳಸ್ತೇನ್ರಿ? ಟೈ ರಾಡಿನ ಎಂಡು ಹೋಗ್ಯಾವ," ಅಂದ. ಎಡಬಲ ಎರಡೂ ಗಾಲಿಗಳನ್ನು ಜೋಡಿಸುವ ಕೋಲು ಟೈ ರಾಡು. ಅದರ ತುದಿಯ ಗುಂಡಿನ ಕೀಲು ಸವೆದರೆ ಗಾಲಿಗಳು ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ನಾನು ಅಲ್ಲಿಯೇ ಸ್ಟೂಲು ಹಾಕಿಸಿಕೊಂಡು ಕೂತೆ. ಹೊಸದು ಹಾಕುತ್ತೇನೆಂದು ಹಳೆಯದನ್ನೇ ತೊಳೆದು ಹಾಕುವವರಿದ್ದಾರೆ ಎಂದು ಕೇಳಿದ್ದೆ. ಬಿಚ್ಚಿದ ಸಾಮಾನನ್ನು ನನ್ನ ಕಾಲ ಹತ್ತಿರ ಇಡಿಸಿಕೊಂಡೆ.

"ಅಕ್ಕಾರ, ಇದನ್ನ ಒಯ್ದು ಏನ್ ಮಾಡ್ತೀರಿ?"

"ಇರ್ಲಿ, ನಮ್ಮ ಸಾಮಾನು."

ಅವನಿಗೂ ಸಿಟ್ಟು ಬಂದಿರಬೇಕು. ಗ್ರೀಸು ಸೋರುವ ಎರಡು ಎಂಡುಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ. ಅಲೈನ್‌ಮೆಂಟ್ ಮಾಡಿಸಿ, ಟೈರಿಗೆ ಗಾಳಿ ಸರಿಮಾಡಿಸಿ ಹೊರಟೆವು. ಚಿಕ್ಕೋಡಿಯಿಂದ ಮನೆಗೆ ಬರುವ ತನಕ ಗಾಡಿ ಚೆನ್ನಾಗಿ ಬಂದಿತು. ನಮ್ಮವರು ಹಾಡು ಗುನುಗಿದರು. ಮರುದಿನ ಕ್ರೇಟುಗಳನ್ನು ಏರಿಸಿಕೊಂಡು ಹೊರಟಾಗ ಮತ್ತೆ ಅದೇ ಹೊಯ್ದಾಟ. ಮಿಸ್ತ್ರಿ ಡುಪ್ಲಿಕೇಟ್ ಎಂಡು ಹಾಕಿದ್ದಾನೆ ಎಂದು ಇಬ್ಬರೂ ಒಟ್ಟಿಗೆ ತೀರ್ಮಾನಿಸಿದೆವು. ನಮ್ಮಿಬ್ಬರ ಸಂಶಯ ಒಂದೇ ಮನುಷ್ಯನ ಮೇಲೆ ಬಿದ್ದದ್ದು ಅದೇ ಮೊದಲು. ಒಂದು ವಾರ ಮನೆಯಲ್ಲಿ ಜಗಳವಿರಲಿಲ್ಲ.

ಕುಡಚಿಯಲ್ಲಿ ನಮ್ಮ ಬದನೆಕಾಯಿ ತೆಗೆದುಕೊಳ್ಳುವ ಅಂಗಡಿಯವರು ಅಲ್ಲಿನ ಒಬ್ಬ ಮಿಸ್ತ್ರಿಯನ್ನು ಹೇಳಿದರು. ಅವನೂ ಮುಂದಿನ ಭಾಗವನ್ನು ಜಾಕಿನ ಮೇಲೆತ್ತಿ ಗಾಲಿ ಅಲುಗಿಸಿದ. ಎಂಡು ಸರಿ ಇವೆ, ಬೇರಿಂಗ್ ಸರಿ ಇವೆ ಅಂದ. "ಹಾಂಗಾರ ದೋಷ ಬಾಕ್ಸಿನ್ಯಾಗ." ಸ್ಟೇರಿಂಗ್ ಕೋಲು ಕೆಳಗಿಳಿದು ಸೇರುವ ಕಬ್ಬಿಣದ ಗಡ್ಡೆಯೇ ಬಾಕ್ಸು, ನಾವು ಮೇಲೆ ತಿರುಗಿಸಿದ್ದನ್ನು ಅದು ಗಾಲಿಗೆ ದಾಟಿಸುತ್ತದೆ. ಅದರ ತಲೆಯ ಮೇಲೊಂದು ಸ್ಕ್ರೂ ಇದೆ. ಒಳಗಿನ ಹಲ್ಲು ಸವೆದು ಸಡಿಲಾದರೆ ಆ ಸ್ಕ್ರೂ ತುಸು ಬಿಗಿಮಾಡುತ್ತಾರಂತೆ. ಅವನು ಬಿಗಿಮಾಡಿದ. ಸ್ಟೇರಿಂಗ್ ಆಡಿಸಿ ನೋಡಿ, ಮತ್ತೂ ಬಿಗಿಮಾಡಿದ. "ಈಗ ನೋಡ್ರಿ, ಕಲ್ಲಾಗೈತಿ!"

ಕಲ್ಲೇ ಆಗಿತ್ತು. ಉಳಿದ ಬದನೆಕಾಯಿ ಕ್ರೇಟುಗಳೊಂದಿಗೆ ರಾಯಬಾಗ ದಾಟಿದ ಮೇಲೆ ಒಂದು ಎಡ ತಿರುವು ಬಂತು. ನಮ್ಮವರು ತಿರುಗಿಸಿದರು, ಗಾಡಿ ತಿರುಗಿತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗೆ ಬರಬೇಕಲ್ಲ, ಬರಲಿಲ್ಲ. ಎಡಕ್ಕೇ ಹಿಡಿದುಕೊಂಡಿತು. ಅವರು ಬಲಕ್ಕೆ ಜಗ್ಗುವಷ್ಟರಲ್ಲಿ ಎಡಗಾಲಿ ರಸ್ತೆ ಇಳಿದಾಗಿತ್ತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಗಾಜಿಗೆ ಪಟಪಟನೆ ಬಡಿದ ಕಬ್ಬಿನ ಗರಿ ಮತ್ತು ಹಿಂದಿನಿಂದ ಕ್ರೇಟುಗಳು ಉರುಳಿದ ಸದ್ದು. ಯಾರದೋ ಕಬ್ಬಿನ ಗದ್ದೆಯೊಳಗೆ ಮೂಗು ತೂರಿಸಿ ಪಿಕಪ್ಪು ನಿಂತಿತು. ಇಬ್ಬರಿಗೂ ಏನೂ ಆಗಿರಲಿಲ್ಲ.

ಗದ್ದೆಯವರು ಓಡಿಬಂದರು, ಮುರಿದ ಕಬ್ಬಿಗೆ ಏನೂ ಅನ್ನದೆ ಗಾಡಿಯನ್ನು ಹಿಂದಕ್ಕೆ ದಬ್ಬಿಕೊಟ್ಟರು. ನಾನು ರಸ್ತೆ ಬದಿಗೆ ಉರುಳಿದ ಬದನೆಕಾಯಿಗಳನ್ನು ಆರಿಸುತ್ತಿದ್ದೆ. ನಮ್ಮವರು ಅಲ್ಲಿಯೇ ಕಲ್ಲಿನ ಮೇಲೆ ಕೂತು, ಇಷ್ಟು ದಿನ ತಡೆದಿಟ್ಟಿದ್ದ ಮಾತನ್ನು ಆಡಿಬಿಟ್ಟರು.

"ನಿಮ್ಮ ದಾಜಿ ಗೊತ್ತಿದ್ದಽ ಕೊಟ್ಟಾನ. ಬರದು ಕೊಡ್ತೀನಿ ಬೇಕಾರ."

ನಾನು ದಾಜಿಯ ಪರವಾಗಿ ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಬಗ್ಗಿ ಬದನೆಕಾಯಿ ಆರಿಸುವಾಗ ನನಗೆ ಮತ್ತೊಂದು ವಿಷಯ ನೆನಪಾಗುತ್ತಿತ್ತು. ಪಿಕಪ್ಪು ಇನ್ನೂ ದಾಜಿಯವರ ಹತ್ತಿರ ಇದ್ದಾಗಲೇ ಅಕ್ಕ ಅದರಲ್ಲಿ ಕೂರುವುದನ್ನು ಬಿಟ್ಟಿದ್ದಳು. ನಮ್ಮ ಮನೆಗೆ ದ್ರಾಕ್ಷಿ ಹಾಕಿಕೊಂಡು ದಾಜಿ ಪಿಕಪ್ಪಿನಲ್ಲಿ ಬಂದರೆ, ಅಕ್ಕ ಅದೇ ದಿನ, ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬಂದಿಳಿಯುತ್ತಿದ್ದಳು. ಪೆಟ್ರೋಲಿನ ವಾಸನೆಗೆ ವಾಂತಿ ಬರುತ್ತದೆ ಅನ್ನುತ್ತಿದ್ದಳು. ಅದು ಡೀಸೆಲ್ ಗಾಡಿ.

ಗಂಡನಿಗೆ ಎರಡನ್ನೂ ಹೇಳಿದೆ, ಫೋನಿನ ಮಾತನ್ನೂ, ಅಕ್ಕನ ಬಸ್ಸನ್ನೂ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. "ಇಷ್ಟ್ ದಿನ ನೀನೂ ಮುಚ್ಚಿಟ್ಟಿದ್ದಿ," ಅಂದರು. ಮನೆಯವರೆಗೆ ಎತ್ತಿನ ಗಾಡಿಯ ವೇಗದಲ್ಲಿ ಬಂದೆವು.

ಕಬ್ಬಿನ ಟ್ರೇಲರುಗಳನ್ನು ಕಟ್ಟುವ, ಮುರಿದ ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಬೆಸೆಯುವ ಒಬ್ಬನು ಅಥಣಿಯಲ್ಲಿದ್ದಾನೆ ಎಂದು ನಮ್ಮೂರ ಟ್ರ್ಯಾಕ್ಟರಿನವರು ಹೇಳಿದರು. ಒಂದು ಮುಂಜಾನೆ ಖಾಲಿ ಗಾಡಿ ತೆಗೆದುಕೊಂಡು, ಹೊಳೆ ದಾಟಿ ಕಾಗವಾಡದ ಮೇಲೆ ಅಥಣಿಗೆ ಹೋದೆವು. ಜುಗೂಳದ ಕಡೆ ತಿರುಗುವ ದಾರಿ ಬಂದಾಗ ಇಬ್ಬರೂ ಆ ಕಡೆ ನೋಡಲಿಲ್ಲ.

ಅಥಣಿಯ ಮಿಸ್ತ್ರಿ ದಪ್ಪ ಮನುಷ್ಯ, ದೊಡ್ಡ ಬಾಯಿ. ನಾವು ಕಥೆ ಹೇಳಿ ಮುಗಿಸುವ ಮುಂಚೆಯೇ ಗದರಿದ. "ಎಲ್ಲಾರೂ ಜಾಕ್ ಹಚ್ಚಿ ನೋಡ್ಯಾರ ಹೌದಿಲ್ಲೊ? ಗಾಲಿ ಗಾಳ್ಯಾಗ ಇದ್ರ ಭಾರ ಎಲ್ಲಿ ಬೀಳ್ತೈತಿ? ನೆಲದ ಮ್ಯಾಲಽ ನಿಂದರ್ಲಿ." ಇಂಜಿನ್ ಚಾಲೂ ಮಾಡಿಸಿದ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದ. "ಅಕ್ಕಾರ, ಪೂರಾ ತಿರಗಸಬ್ಯಾಡ್ರಿ. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ. ಹಿಟ್ಟು ಸಾಣಿಸಿದಂಗ. ನಾ ಸಾಕು ಅನ್ನೂ ತನಕ ನಿಲ್ಲಸಬ್ಯಾಡ್ರಿ."

ಜೀವನದಲ್ಲಿ ಮೊದಲ ಸಲ ಸ್ಟೇರಿಂಗ್ ಹಿಡಿದೆ. ಈ ಕಡೆ, ಆ ಕಡೆ. ಮೊದಲು ಏನೂ ಭಾರವಿಲ್ಲ, ಆಮೇಲೆ ಒಮ್ಮೆಲೇ ಭಾರ. ನಡುವೆ ಒಂದು ಖಾಲಿ ಜಾಗ ಇತ್ತು. ಆ ಖಾಲಿ ಜಾಗ ಮುಗಿಯುವಾಗ ನನ್ನ ಕಾಲ ಕೆಳಗೆ ಎಲ್ಲೋ ಕಟ್ ಎಂದು ಸದ್ದಾಗುತ್ತಿತ್ತು. ಗಾಡಿಯ ಅಡಿ ಮಿಸ್ತ್ರಿ ಮತ್ತು ನಮ್ಮವರು ಬ್ಯಾಟರಿ ಹಿಡಿದು ಮಲಗಿದ್ದರು. ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು, "ಇದು ಚಲೋ ಐತಿ... ಇದೂ ಚಲೋ ಐತಿ..." ಎಂದು ಮಿಸ್ತ್ರಿ ಹೇಳುವುದು ಕೇಳಿಸುತ್ತಿತ್ತು.

"ಬಾಕ್ಸ್ ಕುಣಿಯಾಕತ್ತೈತಿ! ನೋಡ್ರಿ, ಬಾಕ್ಸಽ ಕುಣಿಯಾಕತ್ತೈತಿ!"

ನಾನು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಪಕ್ಕದಲ್ಲೇ ಚೀಲ ಹಾಸಿ ಮಲಗಿದೆ. ನಮ್ಮವರು ಹೋಗಿ ಸ್ಟೇರಿಂಗ್ ಆಡಿಸಿದರು. ಅಲುಗದೆ ನಿಲ್ಲಬೇಕಾದ ಆ ಕಬ್ಬಿಣದ ಗಡ್ಡೆ, ಅದನ್ನು ಕೂರಿಸಿದ ಚಾಸಿಯ ತುಂಡಿನ ಸಮೇತ, ಬಾಯಿ ತೆರೆದು ಮುಚ್ಚಿದ ಹಾಗೆ ಅಲ್ಲಾಡುತ್ತಿತ್ತು. ನಾವು ತಿರುಗಿಸಿದ್ದರಲ್ಲಿ ಅರ್ಧ ಗಾಲಿಗೆ ಹೋಗದೆ ಅಲ್ಲೇ ಕಳೆದುಹೋಗುತ್ತಿತ್ತು. ತೆಗ್ಗಿಗೆ ಬಿದ್ದಾಗ ಬಾಕ್ಸು ಜರುಗಿ ಗಾಲಿಯನ್ನು ಎಡಕ್ಕೆ ತಳ್ಳುತ್ತಿತ್ತು. ಮಿಸ್ತ್ರಿ ತಂತಿಯ ಬ್ರಶ್ಶಿನಿಂದ ಉಜ್ಜಿದ. ಮಣ್ಣು ಹೋಯಿತು, ಗ್ರೀಸು ಹೋಯಿತು, ಅದರಡಿ ದಪ್ಪಗೆ ಬಳಿದ ಕರಿ ಡಾಂಬರು ಬಣ್ಣ ಹೋಯಿತು. ಬೋಲ್ಟಿನಿಂದ ಹೊರಟ ಸೀಳು ಕಂಡಿತು. ಸೀಳಿನ ಉದ್ದಕ್ಕೂ ಹಳೆಯ ವೆಲ್ಡಿಂಗಿನ ಗಂಟುಗಳು.

ಮಿಸ್ತ್ರಿ ಹೊರಗೆ ಬಂದು ಕೈ ಒರೆಸಿಕೊಂಡ. ಈಗ ಅವನ ದನಿಯೇ ಬೇರೆಯಾಗಿತ್ತು.

"ಈ ಗಾಡಿ ಎಲ್ಯೋ ಹಾಯ್ದೈತಿ. ಬಲಗಡೆ ಮುಂಗಾಲಿಗಿ ಜೋರ್ ಹೊಡತಾ ಬಿದ್ದೈತಿ. ಯಾರೋ ಗಡಿಬಿಡಿಲೇ ಬೆಸದು, ಕಾಣಬಾರ್ದಂತ ಡಾಂಬರ್ ಬಳದಾರ. ನಿಮಗ ಗೊತ್ತಿಲ್ಲ ಅಂತೀರಿ?"

"ಗೊತ್ತಿದ್ರ ಇಲ್ಲೀ ತನಕ ಯಾಕ ಬರ್ತಿದ್ವಿ?" ಅಂದರು ನಮ್ಮವರು.

"ಎಲ್ಲಾರೂ ಹಂಗಽ ಅಂತಾರ್ರಿ. ನಾಳೆ ಯಾವದಾರ ಪೊಲೀಸ್ ಕೇಸ್ ಇದ್ರ ನನ್ನ ಮೂಗಿಗಿ ಬರ್ತೈತಿ. ಮೊದಲಿನ ಮಾಲಕರಿಗಿ ಫೋನ್ ಹಚ್ರಿ. ನಾ ಮಾತಾಡಿದ ಮ್ಯಾಲಽ ಕೈ ಹಚ್ಚತೀನಿ."

ಇಷ್ಟು ದಿನ ನಾವು ಎಲ್ಲರ ಮೇಲೆ ಸಂಶಯ ಪಟ್ಟಿದ್ದೆವು. ಈಗ ಒಬ್ಬ ನಮ್ಮನ್ನು ಅದೇ ಕಣ್ಣಿನಿಂದ ನೋಡುತ್ತಿದ್ದ. ದಾಜಿಗೆ ಫೋನು ಹಚ್ಚಿ ಅವನ ಕೈಗೇ ಕೊಟ್ಟೆ. ಅವನು ಜೋರು ದನಿಯಲ್ಲಿ ಕೇಳಿದ, ಕೇಳಿಸಿಕೊಂಡ, ತಲೆಯಾಡಿಸಿದ. "ತಾವಽ ಮೋರಿಗಿ ಹಾಯಿಸಿದ್ದಂತ. ಯಾರಿಗೂ ಏನೂ ಆಗಿಲ್ಲಂತ. ಗಡಿ ಆಚೆ ಮರಾಠಿ ಊರಾಗ ಬೆಸಸಿದ್ರಂತ," ಎಂದು ಫೋನು ವಾಪಸು ಕೊಟ್ಟ. ನಮ್ಮವರು ಅದನ್ನು ಕಸಿದುಕೊಂಡು ಒಂದೇ ಮಾತು ಹೇಳಿದರು: "ನನ್ನ ಹೇಣ್ತಿ ದಿನಾ ಇದರಾಗ ಕುಂದರ್ತಾಳ, ಅಣ್ಣಾ." ಫೋನು ಕಟ್ ಮಾಡಿದರು.

ಗಾಡಿ ಅಥಣಿಯಲ್ಲೇ ಬಿಟ್ಟು ಬಂದೆವು. ಮರುದಿನ ನಾನೊಬ್ಬಳೇ ಬಸ್ಸು ಹಿಡಿದು ಜುಗೂಳಕ್ಕೆ ಹೋದೆ. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ದಾಜಿ ತೋಟಕ್ಕೆ ಹೋಗಿದ್ದರು. ಅಕ್ಕನ ಅತ್ತೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ವಯಸ್ಸಾದರೂ ನೆಟ್ಟಗೆ ಕೂರುವ ಹೆಂಗಸು. ಆ ಮನೆಯಲ್ಲಿ ಅವರು ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಾನು ಕಾಲಿಗೆರಗಿ ಅಡಿಗೆಮನೆಗೆ ನಡೆದೆ. ಅಕ್ಕ ನನ್ನ ಮುಖ ನೋಡಿದವಳೇ ಹಿತ್ತಲಿನ ಬಾಗಿಲ ಕಡೆ ಕರೆದುಕೊಂಡು ಹೋದಳು.

"ಅವರಿಗಿ ಏನೂ ಅನಬ್ಯಾಡವಾ. ಹಾಯಿಸಿದಾಕಿ ನಾನು," ಅಂದಳು.

ನನಗೆ ಅರ್ಥವಾಗಲಿಲ್ಲ. "ನಿನಗೆಲ್ಲಿ ಗಾಡಿ ಹೊಡ್ಯಾಕ ಬರ್ತೈತಿ?"

"ಬರ್ತಿತ್ತು. ಕಲೀತಿದ್ದೆ."

ದ್ರಾಕ್ಷಿ ಸುಗ್ಗಿಯಲ್ಲಿ ಆಳು ಸಿಗುವುದಿಲ್ಲ, ಡ್ರೈವರು ಸಿಗುವುದಿಲ್ಲ. ನಾನೇ ಹೊಡೆಯುತ್ತೇನೆ, ಕಲಿಸಿರಿ ಎಂದು ಅಕ್ಕ ದಾಜಿಗೆ ಗಂಟುಬಿದ್ದಿದ್ದಳಂತೆ. ಅತ್ತೆಗೆ ಇದು ಸೇರುವುದಿಲ್ಲ. ಪಕ್ಕದ ಮನೆಯವರ ಮಗಳು ಸ್ಕೂಟರ್ ಹೊಡೆದದ್ದಕ್ಕೇ ಅವರು ಊರಿಗೆಲ್ಲ ಕೇಳುವ ಹಾಗೆ ಮಾತಾಡಿದ್ದರು. ಹಾಗಾಗಿ ಗಂಡ ಹೆಂಡತಿ ತೋಟಕ್ಕೆ ಹೋಗುತ್ತೇವೆ ಎಂದು ಹೇಳಿ, ಹೊಳೆಯ ಕಡೆಯ ಕಬ್ಬಿನ ದಾರಿಯಲ್ಲಿ ಕಲಿಯುತ್ತಿದ್ದರು. ಅಕ್ಕನ ಕೈ ಕುದುರಿತ್ತು. ಒಂದು ಬೆಳಿಗ್ಗೆ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಬಲಗಡೆಯ ಮೋರಿಯ ಕಲ್ಲಿಗೆ ಗುದ್ದಿದಳು. ನಾನೇ ಹಾಯಿಸಿದೆ ಎಂದು ದಾಜಿ ಮನೆಯಲ್ಲಿ ಹೇಳಿದರು. ಊರವರು ಕೇಳುವ ಮುಂಚೆ ಗಡಿಯಾಚೆ ಒಯ್ದು ಬೆಸೆಸಿಕೊಂಡು ಬಂದರು. ಅಕ್ಕ ಮತ್ತೆ ಆ ಗಾಡಿಯಲ್ಲಿ ಕಾಲಿಡಲಿಲ್ಲ.

"ಬೆಸದಿದ್ದು ಗಟ್ಟಿ ಐತಿ ಅಂತ ಅವ ವೆಲ್ಡರ್ ಹೇಳಿದ್ದ. ಒಂದು ಸುಗ್ಗಿ ಪೂರ್ತಿ ಅವರಽ ಹೊಡದ್ರು. ಏನೂ ಆಗ್ಲಿಲ್ಲ."

"ಮತ್ತ ನಾ ಫೋನ್ ಮಾಡಿದಾಗ ಎಡಕ್ಕ ಜಗ್ಗತೈತೇನು ಅಂತ ಹೆಂಗ ಕೇಳಿದ್ರು?"

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು. "ಹಾಯಿಸಿದ ಮ್ಯಾಲ ಬೆಸಸೂ ತನಕ ಎಡಕ್ಕಽ ಜಗ್ಗತಿತ್ತು. ಬೆಸಗಿ ಮತ್ತ ಬಾಯಿ ಬಿಟ್ಟೀತು ಅಂತ ಅವರಿಗಿ ಸಂಶೆ ಇತ್ತು. ನನಗೂ ಇತ್ತು. ಹೇಳಿದ್ರ ಎಲ್ಲಾ ಹೇಳಬೇಕಾಕ್ಕಿತ್ತು."

"ಹೊಳಿ ದಂಡಿ ರಸ್ತೇದಾಗ ಅಲ್ಲ, ನಿಪ್ಪಾಣಿ ಹೈವೇದಾಗ ಓಡಿಸ್ತಿದ್ವಿ ಅದನ್ನ. ನಾನೂ ಕುಂದರ್ತಿದ್ದೆ ಅಕ್ಕಾ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ದಾಜಿಗೆಂದು ಇದ್ದವು. ಅವಳು ಒಂದು ಗಾಡಿಯ ಸ್ಟೇರಿಂಗ್ ಹಿಡಿಯಬೇಕೆಂದು ಇಷ್ಟೊಂದು ಆಸೆಪಟ್ಟಿದ್ದಳು ಎಂಬುದು, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ಏನ್ ಗುಸುಗುಸು ನಡಸೀರಿ ಇಬ್ಬರೂ?"

"ಏನಿಲ್ಲರಿ ಅತ್ತಿ, ಉಪ್ಪಿನಕಾಯಿ ವಿಚಾರ," ಅಂದೆ. ಈಗ ನಾನೂ ಆ ಮನೆಯ ಸುಳ್ಳಿನಲ್ಲಿ ಪಾಲುದಾರಳಾದೆ.

ಹೊರಟಾಗ ಅಕ್ಕನ ಅತ್ತೆ ಬಸ್ಸು ನಿಲ್ಲುವ ಜಾಗದ ತನಕ ಬರುತ್ತೇನೆಂದು ಕೋಲು ಹಿಡಿದು ನನ್ನ ಜೊತೆ ನಡೆದರು. ಅಕ್ಕ ಬಾಗಿಲಲ್ಲೇ ನಿಂತಳು. ಓಣಿ ದಾಟಿದ ಮೇಲೆ ಅವರು ನನ್ನ ಮುಖ ನೋಡದೆ ಕೇಳಿದರು.

"ಗಾಡಿ ಮುರದೈತಂತ?"

"ಹೂಂರಿ. ದಾಜಿಯವರು ಹಿಂದ ಮೋರಿಗಿ ಹಾಯಿಸಿದ್ರಂತಲ್ಲರಿ..."

"ಅವ ಎಲ್ಲಿ ಹಾಯಿಸ್ಯಾನ! ಅವನ ಮೈಮ್ಯಾಲ ಒಂದ ಗೀರಿಲ್ಲ. ಎದಿ ಮ್ಯಾಲ ಸ್ಟೇರಿಂಗಿನ ಬಾಸುಂಡಿ ಇದ್ದದ್ದು ಸೊಸಿಗಿ. ಅರಿಷಿಣ ಕಾಯಿಸಿ ಹಚ್ಚಿದಾಕಿ ನಾನಽ. ಮೆಟ್ಟಲ ಮ್ಯಾಲ ಬಿದ್ನಿ ಅಂದ್ಲು. ಮೆಟ್ಟಲ ಎಲ್ಯಾರ ಗುಂಡಗಿರ್ತಾವೇನು?"

ನಾನು ನಡೆಯುವುದನ್ನೇ ನಿಲ್ಲಿಸಿದೆ. "ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

"ತಾವಽ ಬಂದು ಹೇಳ್ತಾರ ಅಂತ ಕಾದೆ. ಹೇಳ್ಲಿಲ್ಲ. ನನ್ನ ಮ್ಯಾಲ ಅವರಿಗಿ ಭರೋಸಾ ಇಲ್ಲ. ನನಗೂ ಆಮ್ಯಾಲ ಅವರ ಮ್ಯಾಲ ಉಳಿಲಿಲ್ಲ." ಬಸ್ಸು ಬರುವುದು ಕಂಡಿತು. "ನೀ ಹೇಳಾಕ ಹೋಗಬ್ಯಾಡ ಮತ್ತ."

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಮೂವರು ಒಂದೇ ಒಲೆಯ ಊಟ ಮಾಡುತ್ತಾರೆ, ಮೂವರಿಗೂ ಗೊತ್ತು, ಮೂವರೂ ಮುಚ್ಚಿಟ್ಟಿದ್ದಾರೆ. ಅವರು ಮುಚ್ಚಿಟ್ಟದ್ದರ ಮೇಲೆ ನಾವಿಬ್ಬರು ಕೂತು ದಿನಾ ಸಂತೆಗೆ ಹೋಗಿದ್ದೆವು. ಅಕ್ಕನ ಅತ್ತೆ ನಮ್ಮ ಬಗ್ಗೆಯೂ ಒಮ್ಮೆ ಯೋಚಿಸಬೇಕಿತ್ತು ಎಂದು ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ. ಅಷ್ಟರಲ್ಲಿ ಸಿಟ್ಟು ಮಾಡಲು ಎದುರಿಗೆ ಯಾರೂ ಇರಲಿಲ್ಲ.

ರಿಪೇರಿಯ ದಿನ ನಾವು ಅಥಣಿಗೆ ಹೋದಾಗ ದಾಜಿ ಮೊದಲೇ ಬಂದು ನಿಂತಿದ್ದರು. ಷಡ್ಡಕರಿಬ್ಬರೂ ಪರಸ್ಪರ ಮಾತಾಡಲಿಲ್ಲ. ಮಿಸ್ತ್ರಿ ಬಾಕ್ಸನ್ನು ಬಿಚ್ಚಿ ಕೆಳಗಿಟ್ಟ. ಹಳೆಯ ಬೆಸುಗೆಯನ್ನೆಲ್ಲ ಕಟರಿನಿಂದ ತೆಗೆದುಹಾಕಿದ. ಸೀಳು ಮುಂದೆ ಓಡಬಾರದೆಂದು ಅದರ ತುದಿಗೆ ಸಣ್ಣ ತೂತು ಕೊರೆದ. ಆಮೇಲೆ ತಳದಿಂದ ತುಂಬಿಸಿಕೊಂಡು ಬೆಸೆದು, ಒಳಗಡೆಯಿಂದ ಒಂದು ದಪ್ಪ ಪಟ್ಟಿಯನ್ನು ಆನಿಸಿ ಅದನ್ನೂ ಬೆಸೆದ. ಬಾಕ್ಸನ್ನು ಹೊಸ ಬೋಲ್ಟುಗಳಿಂದ ಕೂರಿಸಿ, ಕುಡಚಿಯಲ್ಲಿ ಬಿಗಿಸಿದ್ದ ಸ್ಕ್ರೂವನ್ನು ಸಡಿಲಿಸಿ ಸರಿಮಾಡಿದ. ನಮ್ಮವರು ಅಷ್ಟು ಹೊತ್ತೂ ಅವನ ಭುಜದ ಹತ್ತಿರವೇ ಬಗ್ಗಿ ನಿಂತಿದ್ದರು. "ಬಣ್ಣ ಬಳೀಬ್ಯಾಡ, ಹಂಗಽ ಇರ್ಲಿ, ಕಾಣ್ಲಿ," ಅಂದರು. ತುಕ್ಕು ಹಿಡಿಯುತ್ತದೆ ಎಂದು ಮಿಸ್ತ್ರಿ ಜಗಳ ತೆಗೆದ. ಕೊನೆಗೆ ಕೆಂಪು ಪ್ರೈಮರು ತೆಳ್ಳಗೆ ಹೊಡೆಯುವುದೆಂದು ಒಪ್ಪಂದವಾಯಿತು.

ಗಾಡಿ ಓಡಿಸಿ ನೋಡುವಾಗ ದಾಜಿ ಮುಂದೆ ಬಂದು ಕೀಲಿ ಕೇಳಿದರು. "ಮೊದಲ ನಾ ಹೊಡಿತೀನಿ. ಮತ್ತೇನಾರ ಆಗೂದಿದ್ರ ನನಗಽ ಆಗ್ಲಿ." ಮಿಸ್ತ್ರಿಯ ಅಂಗಳದಲ್ಲಿದ್ದ ಕಬ್ಬಿಣದ ತುಂಡುಗಳನ್ನು ಹಿಂದೆ ಹೇರಿಸಿದರು. ನಮ್ಮವರು ಕೀಲಿ ಕೊಟ್ಟರು, ಆದರೆ ಜೊತೆಗೆ ಹತ್ತಲಿಲ್ಲ. ನಾನು ಹತ್ತಿದೆ. ಯಾರಾದರೂ ನೋಡಬೇಕಿತ್ತಲ್ಲ.

ಕಾಗವಾಡದ ರಸ್ತೆಗೆ ಇಳಿದೆವು. ನಾನು ರಸ್ತೆ ನೋಡಲಿಲ್ಲ, ದಾಜಿಯ ಕೈಗಳನ್ನೇ ನೋಡುತ್ತಿದ್ದೆ. ಕೈಗಳು ಸುಮ್ಮನಿದ್ದವು. ಬೇಕೆಂದೇ ಅವರು ಒಂದು ತೆಗ್ಗಿನ ಮೇಲೆ ಹಾಯಿಸಿದರು. ಹಿಂದೆ ಕಬ್ಬಿಣ ಗಡಗಡ ಎಂದಿತು. ಗಾಡಿ ಕುಪ್ಪಳಿಸಿ ನೆಟ್ಟಗೇ ಹೋಯಿತು. ಇನ್ನೊಂದು ತೆಗ್ಗು. ಮತ್ತೂ ನೆಟ್ಟಗೆ. ಒಂದು ತಿರುವಿನಲ್ಲಿ ತಿರುಗಿಸಿ ಹಿಡಿತ ಸಡಿಲಿಸಿದರು. ಸ್ಟೇರಿಂಗ್ ಅವರ ಅಂಗೈಯೊಳಗೆ ಜಾರಿ ತಾನಾಗಿ ನಡುವಿಗೆ ಬಂತು. ಸುತ್ತು ಹೊಡೆದು ಹಿಂದಿರುಗುವಾಗ ಅವರು ಮಾತಾಡಿದರು.

"ನನಗ ಏನೂ ಗೊತ್ತಿರ್ಲಿಲ್ಲ ಅಂತ ನಾ ಅನ್ನೂದಿಲ್ಲ. ಕೊಡೂವಾಗ ಮನಸ್ಸಿನ್ಯಾಗ ಬಂದಿತ್ತು. ಹಾಳಾಗಿಲ್ಲ ಬಿಡು ಅಂತ ನನಗ ನಾನಽ ಹೇಳ್ಕೊಂಡೆ."

ಎಷ್ಟು ಬಂದಿತ್ತು, ಎಷ್ಟು ಹೊತ್ತು ಬಂದಿತ್ತು ಎಂದು ಕೇಳಬೇಕೆನಿಸಿತು. ಕೇಳಿದರೂ ಉತ್ತರವನ್ನು ನಂಬುತ್ತಿದ್ದೆನೋ ಇಲ್ಲವೋ. "ನಿಮ್ಮ ಅವ್ವಾರಿಗಿ ಎಲ್ಲಾ ಗೊತ್ತೈತ್ರಿ," ಅಂದುಬಿಟ್ಟೆ. ಹೇಳಬೇಡ ಅಂದಿದ್ದರು, ಹೇಳಿಬಿಟ್ಟೆ. ಮುಚ್ಚಿಟ್ಟದ್ದು ಸಾಕಾಗಿತ್ತು. ದಾಜಿ ಗಾಡಿ ನಿಲ್ಲಿಸಿದರು. "ಏನಂತ?" ಅಂದರು. ಬಾಸುಂಡೆ, ಅರಿಷಿಣ, ಮೆಟ್ಟಿಲಿನ ಕಥೆ ಎಲ್ಲವನ್ನೂ ಹೇಳಿದೆ. ಅವರ ಮುಖದಲ್ಲಿ ನಗು ಬಂದಿತೋ ಅಳು ಬಂದಿತೋ ತಿಳಿಯಲಿಲ್ಲ. ಮತ್ತೆ ಗಾಡಿ ಚಾಲೂ ಮಾಡಿದರು.

ಆ ಮನೆಯಲ್ಲಿ ಆಮೇಲೆ ಏನು ನಡೆಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಅಕ್ಕ ಒಂದಷ್ಟು ದಿನ ನನ್ನ ಫೋನು ಎತ್ತಲಿಲ್ಲ. ಆಮೇಲೆ ತಾನೇ ಮಾಡಿದಳು. ಅತ್ತೆ ಈಗ ಅವಳ ಜೊತೆ ಮೊದಲಿಗಿಂತ ಹೆಚ್ಚು ಮಾತಾಡುತ್ತಾರಂತೆ, ಬೈಗುಳವೇ ಹೆಚ್ಚಂತೆ. ಹೊಸ ಗಾಡಿಯ ಕೀಲಿ ಎಲ್ಲಿರುತ್ತದೆ ಎಂದು ಕೇಳಿದೆ. ಮೊಳೆಗೆ ತೂಗುಹಾಕಿದ್ದಾರೆ, ಯಾರು ಬೇಕಾದರೂ ತಗೋಬಹುದು ಅಂದಳು. ಅವಳು ತಗೊಂಡಳೋ ಎಂದು ಕೇಳಲಿಲ್ಲ.

ಷಡ್ಡಕರಿಬ್ಬರೂ ಈಗ ಮಾತಾಡುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನ ಬಗ್ಗೆ, ಹೊಳೆಯ ನೀರಿನ ಬಗ್ಗೆ ಮಾತಾಡುತ್ತಾರೆ, ಗಾಡಿಯ ವಿಷಯ ಎತ್ತುವುದಿಲ್ಲ. ಈ ಸುಗ್ಗಿಯಲ್ಲಿ ಜುಗೂಳದಿಂದ ನಮಗೆ ಒಂದು ಪೆಟ್ಟಿಗೆ ದ್ರಾಕ್ಷಿ ಬಂತು. ಮೇಲಿನ ಗೊಂಚಲುಗಳು ಹೊಳೆಯುತ್ತಿದ್ದವು. ನಾನು ನೆಲಕ್ಕೆ ಬಟ್ಟೆ ಹಾಸಿ, ಒಂದೊಂದೇ ಗೊಂಚಲು ತೆಗೆದಿಟ್ಟು, ತಳದ ಕಾಗದ ಎತ್ತುವ ತನಕ ನೋಡಿದೆ. ಒಂದು ಹಣ್ಣೂ ಕೊಳೆತಿರಲಿಲ್ಲ. ಎಲ್ಲವನ್ನೂ ಮತ್ತೆ ಹಾಗೆಯೇ ಜೋಡಿಸಿಟ್ಟು, ನಮ್ಮವರನ್ನು ತಿನ್ನಲು ಕರೆದೆ.